ತಂಬಾಕಿಲ್ಲದ ಚಿಲುಮೆ

"ಇನ್ನೊಂಚೂರು ಮ್ಯಾಲೆತ್ತ್ರಿ, ಕುತ್ತಿಗಿ ವಾಲತದ," ಎಂದು ಅಯ್ಯನವರು ಹೇಳಿದಾಗ ಗೌರಾಬಾಯಿ ತಾಯಿಯ ಬೆನ್ನಿಗೆ ತನ್ನ ಮೊಣಕಾಲು ಆನಿಸಿ, ಗದ್ದವನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆತ್ತಿದಳು. ಪಕ್ಕದ ಮನೆಯ ಭಾಮಾ ಹಳೆಯ ಸೀರೆಯ ಪಟ್ಟಿಯನ್ನು ಕಾಶವ್ವನ ಎದೆಯ ಸುತ್ತ ತಂದು ಗೋಡೆಯ ಗೂಟಕ್ಕೆ ಬಿಗಿದಳು. ಎರಡು ಸಲ ಜಾರಿದ ದೇಹ ಮೂರನೆಯ ಸಲ ನೆಟ್ಟಗೆ ಕುಳಿತಿತು. ಅಯ್ಯನವರು ಹಣೆಗೆ ವಿಭೂತಿ ಬಳಿದು ಎಡಗೈಯಲ್ಲಿ ಲಿಂಗವನ್ನಿಟ್ಟರು.

ಕಾಶವ್ವನ ಗಂಡ ನಿಜಲಿಂಗಪ್ಪ ಹೊಸ್ತಿಲ ಬಳಿ ಎರಡೂ ಅಂಗೈ ನೆಲಕ್ಕೂರಿ ಕುಳಿತಿದ್ದ. ಅವನು ಅಳುತ್ತಿರಲಿಲ್ಲ. ಅಳುವುದಕ್ಕೂ ಉಸಿರು ಬೇಕು. ಅವನಿಗೆ ಬಂದಷ್ಟೂ ಉಸಿರು ಬದುಕಿರುವುದಕ್ಕೇ ಸಾಲುತ್ತಿರಲಿಲ್ಲ.

ಬೆಳಿಗ್ಗೆ ಈ ಮನೆಯಿಂದ ಅಳುವಿನ ಸದ್ದು ಕೇಳಿದಾಗ ಭವಾನಿ ಪೇಟೆಯ ಆ ಚಾಳಿನ ಜನರೆಲ್ಲ ಕೇಳಿದ್ದು ಒಂದೇ ಮಾತು: "ಮುದುಕ ಹೋದನೇನು?" ಅಲ್ಲ, ಕಾಶವ್ವ ಎಂದಾಗ ಅವರಿಗೆ ನಂಬಿಕೆಯಾಗದೆ ಮತ್ತೆ ಕೇಳಿದ್ದರು. ಹತ್ತು ವರ್ಷದಿಂದ ಸಾಯುತ್ತಿದ್ದವನು ನಿಜಲಿಂಗಪ್ಪ. ಕಾಶವ್ವ ಹೋದ ಸೋಮವಾರದವರೆಗೂ ಧಾರವಾಡ ಕಡೆಯ ಗುಮಾಸ್ತರಿಗೆಲ್ಲ ರೊಟ್ಟಿ ಬಡಿದು ಹಾಕುತ್ತಿದ್ದವಳು. ಜ್ವರ ಬಂತು, ಎದೆ ಕಟ್ಟಿತು, ಹೋದಳು.

ಜ್ವರದ ಸುದ್ದಿ ತಿಳಿದು ಶಿರೂರಿನಿಂದ ಬೆಳಗಿನ ಮೊದಲ ಮೋಟಾರಿನಲ್ಲಿ ಬಂದಿದ್ದ ಮಗಳು ಗೌರಾಬಾಯಿ ಈಗ ತಂದೆಯ ಎದುರು ಕುಳಿತಳು.

"ಅಪ್ಪಾ, ನಿನ್ನ ಉಸುರಿಗಂತ ಅವ್ವ ಅದೇನೋ ಸೊಪ್ಪು ಬೆರಸಿ ಚಿಲುಮಿಗೆ ಹಾಕಿ ಕೊಡ್ತಿದ್ಲಲ್ಲ. ಎಲ್ಲಿಟ್ಟಾಳ?"

"ಮುಗದದ," ಎಂದ ನಿಜಲಿಂಗಪ್ಪ. ಉಸಿರೆಳೆದುಕೊಂಡು, "ಮಲಗಿದ್ಲಲ್ಲ... ಮಾಡಲಿಲ್ಲ."

"ಏನೇನು ಹಾಕತಿದ್ಲು?"

ಅವನು ಮಗಳ ಮುಖವನ್ನೇ ನೋಡಿದ. "ನಾ ಕೇಳಿಲ್ಲವಾ."

ಅಂಗಳದಲ್ಲಿ ಗಂಡಸರು ಹೆಣವನ್ನು ಕೂಡಿಸಿ ಒಯ್ಯುವ ವಿಮಾನ ಕಟ್ಟಲು ಬಿದಿರು ಸೀಳುತ್ತಿದ್ದರು. ಜಾತಿಯ ಹೆಂಗಸರು ಕೆಲವರು ಪಡಸಾಲೆಯವರೆಗೆ ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತರು; ಒಳಗೆ ಬರಲಿಲ್ಲ.

*

ನಿಜಲಿಂಗಪ್ಪ ಗಟ್ಟಿಯಾಗಿದ್ದ ಕಾಲದಲ್ಲಿ ಸಿದ್ದಲಿಂಗಪ್ಪ ಸಾವಕಾರರ ತಂಬಾಕಿನ ಗೋದಾಮಿನಲ್ಲಿ ದುಡಿಯುತ್ತಿದ್ದ. ನಿಪ್ಪಾಣಿಯಿಂದ ಬಂದ ಮೂಟೆಗಳನ್ನು ಬಿಚ್ಚಿ, ಎಲೆ ಒಣಗಿಸಿ, ಜಾಡಿಸಿ, ಮತ್ತೆ ಕಟ್ಟುವುದು. ಸಂಜೆ ಹಮಾಲರ ಜೊತೆ ಚಿಲುಮೆ: ಗಾಂಜಾ ಒಂದು ಪಾಲು, ತಂಬಾಕು ಎರಡು ಪಾಲು. ಮೈನೋವು ಇಳಿಯುತ್ತಿತ್ತು, ನಿದ್ದೆ ಬರುತ್ತಿತ್ತು. ಒಂದು ಮಳೆಗಾಲದಲ್ಲಿ ಕೆಮ್ಮಿನೊಂದಿಗೆ ರಕ್ತ ಬಂತು. ಡಾಕ್ಟರು ಎದೆಗೆ ನಳಿಗೆ ಹಚ್ಚಿ ನೋಡಿ, ತಂಬಾಕು ಬಿಡದಿದ್ದರೆ ಮುಂದಿನ ಮಳೆಗಾಲ ಕಾಣುವುದಿಲ್ಲವೆಂದರು.

ಕೆಲಸ ಬಿಟ್ಟ. ಚಿಲುಮೆಯನ್ನೂ ಬಿಟ್ಟ. ಅನ್ನ ಸೇರದಾಯಿತು, ನಿದ್ದೆ ಹಾರಿಹೋಯಿತು. ಒಂದು ಮಧ್ಯಾಹ್ನ ಅವನನ್ನು ಹುಡುಕಿಕೊಂಡು ಹೋದ ಕಾಶವ್ವ, ಗೋದಾಮಿನ ಬಾಗಿಲ ಮುಂದಿನ ಗಟಾರದ ಅಂಚಿನಲ್ಲಿ ಅವನು ಕುಕ್ಕರುಗಾಲಲ್ಲಿ ಕುಳಿತು, ಮೂಟೆಯಿಂದ ಉದುರಿದ ತಂಬಾಕಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಕಿಸೆಗೆ ಹಾಕಿಕೊಳ್ಳುತ್ತಿದ್ದುದನ್ನು ಕಂಡಳು. ಅವಳು ಅವನನ್ನು ಕರೆಯಲಿಲ್ಲ. ಸುಮ್ಮನೆ ಮನೆಗೆ ಬಂದು, ಅವನು ಬಂದ ಮೇಲೆ ಹೇಳಿದಳು:

"ಗಾಂಜಾ ಬಿಡ್ರಿ ಅಂತ ನಾ ಅನ್ನೂದಿಲ್ಲ. ಅದರಾಗ ಬೆರಸೂದು ಬ್ಯಾರೆ ಏನರೆ ಹುಡಕೂಣು."

"ತಂಬಾಕಿಲ್ಲದ ಚಿಲುಮಿ ಹತ್ತೂದಿಲ್ಲ, ಕಾಶಿ."

"ಉರಿಯೂ ಸೊಪ್ಪು ಜಗತ್ತಿನಾಗ ಅದೊಂದಽ ಏನು?"

ಹುಡುಕಿದಳು. ತರಕಾರಿ ಮಂಡಿಯ ಹೊರಗೆ ಬೇರು ಸೊಪ್ಪು ಹರಡಿಕೊಂಡು ಕೂಡುವ ಮುದುಕಿಯೊಬ್ಬಳ ಹತ್ತಿರ ಹೋಗಿ, ಎದೆಗೆ ಒಳ್ಳೆಯದು ಎಂದವಳು ಹೇಳಿದ್ದನ್ನೆಲ್ಲ ತಂದಳು. ತುಳಸಿ ಕಾಗದದಂತೆ ಭಗ್ಗೆಂದು ಉರಿದುಹೋಯಿತು. ಭಾರಂಗಿ ಗಂಟಲು ಕೆರೆಯಿತು. ಆಡುಸೋಗೆಯ ಎಲೆ ನಿಧಾನವಾಗಿ ಉರಿಯಿತು, ಆದರೆ ಕಹಿ. ಅದಕ್ಕೆ ಜ್ಯೇಷ್ಠಮಧು ಪುಡಿ ಮಾಡಿ ಹಾಕಿದಳು. ಒಂದರ ತಪ್ಪನ್ನು ಇನ್ನೊಂದರಿಂದ ಮುಚ್ಚುತ್ತ ಹೋದಳು, ಸಾರಿಗೆ ಉಪ್ಪು ಹೆಚ್ಚಾದರೆ ಮಾಡುವ ಹಾಗೆ.

ಗಾಂಜಾಕ್ಕೂ ಅವಳೇ ಹೋಗಬೇಕಾಯಿತು. ಅವನನ್ನು ಕಳಿಸಿದರೆ ದಾರಿಯಲ್ಲಿ ತಂಬಾಕಿನ ಅಂಗಡಿ. ಸರಕಾರಿ ಪರವಾನಗಿಯ ಅಂಗಡಿಯಲ್ಲಿ ಬೈರಾಗಿಗಳು, ಟಾಂಗಾ ಹೊಡೆಯುವವರು, ಗರಡಿಯ ಪೈಲವಾನರ ಸಾಲಿನಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡ ಕಾಶವ್ವ. "ಕುಣಾಸಾಠಿ, ಬಾಯಿ?" ಯಾರಿಗೆ ಎಂದು ಅಂಗಡಿಯವನು ಪ್ರತಿಸಲವೂ ನಗುತ್ತ ಕೇಳುತ್ತಿದ್ದ. ಗಂಡನಿಗೆ ಎಂದು ಪ್ರತಿಸಲವೂ ಹೇಳುತ್ತಿದ್ದಳು. ಸಮಾಜದವರು ಯಾರೋ ನೋಡಿದರು. ಆ ವರ್ಷ ಮಠದ ಊಟದ ಪಂಕ್ತಿಯಲ್ಲಿ ಅವಳ ಎರಡೂ ಪಕ್ಕದ ಎಲೆಗಳ ಮುಂದೆ ಯಾರೂ ಕೂಡಲಿಲ್ಲ.

ಒಮ್ಮೆ ಸೊಪ್ಪಿನ ಮುದುಕಿ ದತ್ತೂರಿ ಎಲೆ ಕೊಟ್ಟಳು. ಉಬ್ಬಸಕ್ಕೆ ಇದಕ್ಕಿಂತ ದೊಡ್ಡದಿಲ್ಲವೆಂದಳು. ಅದನ್ನು ಸೇದಿದ ನಿಜಲಿಂಗಪ್ಪನ ಉಸಿರು ನಿಜವಾಗಿಯೂ ಸಡಿಲಾಯಿತು. ಆಮೇಲೆ ಕಣ್ಣು ಕೆಂಪಗಾದವು. ಗೋಡೆಯ ಜೊತೆ ಮಾತಾಡಿದ. ಮೂಟೆ ಇಳಿಸಬೇಕೆಂದು ಓಣಿಗೆ ಓಡಿದ. ಹಿಡಿದು ತಂದ ಹೆಂಡತಿಯನ್ನು "ಅವ್ವಾ" ಎಂದು ಕರೆದ. ಸಂಜೆಯವರೆಗೂ ಅವಳು ಅವನನ್ನು ತೊಡೆಯ ಮೇಲೆ ಅದುಮಿಕೊಂಡು ಕುಳಿತಿದ್ದಳು. ಅವನಿಗೆ ಅದೇನೂ ನೆನಪಿರಲಿಲ್ಲ.

*

ಅಡಿಗೆಮನೆಯ ಗೂಡಿನಲ್ಲಿ ಡಬ್ಬಿಗಳಿದ್ದವು. ಗೌರಾಬಾಯಿ ಒಂದೊಂದನ್ನೇ ತೆಗೆದು ಮೂಸಿದಳು. ಭಾಮಾ ಪಕ್ಕದಲ್ಲಿ ಕುಳಿತಳು. ಅವಳ ಮನೆಮಾತು ಮರಾಠಿ. ಆದರೆ ಕಾಶವ್ವನ ಜೊತೆ ಒಂದೇ ಪಡಸಾಲೆಯಲ್ಲಿ ಬಾಳಿ ಕನ್ನಡ ಕಲಿತಿದ್ದಳು.

"ಇದು ಅಡುಳಸಾ, ಆಡುಸೋಗಿ. ಇದು ಜ್ಯೇಷ್ಠಮಧ. ಇದು ಗುಲಾಬಿ ಪಕಳಿ ಇರಬೇಕು. ಇದು... ಮಲಾ ಮಾಹೀತ ನಾಹೀ, ಗೌರಾ. ಗೊತ್ತಿಲ್ಲ."

"ನೀ ದಿನಾ ನೋಡತಿದ್ದೆಲ್ಲ, ಮಾವಶಿ?"

"ನೋಡತಿದ್ದೆ. ಆಕಿ ಕೈಲೆ ತಗೊಂಡು ಹಿಂಗ ತಿಕ್ಕತಿದ್ಲು. ಎಷ್ಟು ಅಂತ ಯಾರು ನೋಡತಾರ?" ಭಾಮಾ ದನಿ ತಗ್ಗಿಸಿದಳು. "ಆ ದತ್ತೂರಿ ಗದ್ದಲ ಆತಲ್ಲ, ಆಮ್ಯಾಲೆ ಆಕಿ ಯಾವುದನ್ನೂ ನಿಮ್ಮಪ್ಪಗ ಸೀದಾ ಕೊಡಲಿಲ್ಲ. ಕದಾ ಹಾಕ್ಕೊಂಡು ಮೊದಲ ತಾನಽ ಸೇದಿ ನೋಡತಿದ್ಲು."

ಗೌರಾಬಾಯಿಯ ಕೈ ಡಬ್ಬಿಯ ಮೇಲೆ ನಿಂತಿತು. "ಯಾರು, ಅವ್ವ?"

"ಹೌದ. ಮೊದಲ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕತಿದ್ಲು. ಆಮ್ಯಾಲೆ ರೂಢಿ ಆತು. ಪ್ರತೀ ಸಲ ಹೊಸಾದು ಮಾಡಿದಾಗ. ಒಮ್ಮೊಮ್ಮೆ ನಗತಿದ್ಲು, ಗೌರಾ. ರೊಟ್ಟಿ ಉಬ್ಬಿದ್ದು ನೋಡಿ ನಗೂದು, ನಮ್ಮ ಬೆಕ್ಕು ನೋಡಿ ನಗೂದು. ನನಗೂ ನಗಿ ಬರತಿತ್ತು." ಭಾಮಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೊನ್ನೆ ಡಾಕ್ಟರ್ ಬಂದು ಆಕಿ ಎದಿ ನೋಡಿ, ಈ ಬಾಯಿ ಬೀಡಿ ಸೇದತಾರೇನು ಅಂತ ಕೇಳಿದ. ನಾ ಇಲ್ಲ ಅಂದೆ. ಎಲ್ಲಾರೂ ನಿಂತಿದ್ರು. ಕಾಯ ಸಾಂಗಣಾರ? ಏನಂತ ಹೇಳಲಿ?"

ನಡುವೆ ಇದ್ದದ್ದು ತಟ್ಟಿಯ ಗೋಡೆ. ಆ ಕಡೆಯಿಂದ ನಿಜಲಿಂಗಪ್ಪನ ದನಿ ಬಂತು.

"ಭಾಮಾಬಾಯಿ... ಆಕಿ ನಗತಿದ್ಲೇನು?"

ಗೌರಾಬಾಯಿ ಡಬ್ಬಿಯ ಮುಚ್ಚಳ ಹಾಕಿದಳು.

"ಹೆಂಗ ನಗತಿದ್ಲು?"

ಭಾಮಾ ಬಾಯಿಗೆ ಸೆರಗು ಒತ್ತಿಕೊಂಡಳು.

ಗೌರಾಬಾಯಿ ಕೈಗೆ ತೋಚಿದಷ್ಟು ತಿಕ್ಕಿ ಬೆರೆಸಿ, ಚಿಲುಮೆ ತುಂಬಿ, ಕೆಂಡವಿಟ್ಟು ತಂದೆಯ ಕೈಗೆ ಕೊಟ್ಟಳು. ಅವನು ಒಂದು ಸಲ ಎಳೆದ. ಹೊಗೆ ಎದೆಯೊಳಗೆ ಹೋಗದೆ ಗಂಟಲಲ್ಲೇ ನಿಂತು ತಿರುಗಿ ಬಂತು. ತಲೆ ಆಡಿಸಿ ಚಿಲುಮೆಯನ್ನು ಮಗಳಿಗೆ ಹಿಂತಿರುಗಿಸಿದ.

"ಇದಲ್ಲವಾ."

ಅವಳು ಇನ್ನೊಂದು ಡಬ್ಬಿಯದನ್ನು ಸೇರಿಸಿ ತಂದಳು. ಅದೂ ಅಲ್ಲ. ಕುಳಿತಿದ್ದ ಕಾಶವ್ವನ ಮುಖದ ಮುಂದೆ ಹೊಗೆ ಸುಳಿದಾಡಿತು. ಅಯ್ಯನವರು ಬೇರೆ ಕಡೆ ನೋಡಿದರು.

ಹೊತ್ತು ಇಳಿಯುವ ಮೊದಲು ಸಿದ್ದಲಿಂಗಪ್ಪ ಸಾವಕಾರರು ದೊಡ್ಡ ಹೂವಿನ ಹಾರದೊಂದಿಗೆ ಬಂದರು. ಹಿಂದಿನ ವರ್ಷ ವಿಲಾಯತಿಯ ಬಾದಶಹ ತೀರಿಕೊಂಡಾಗ ಬಿಟ್ಟರೆ ಎಂದೂ ಮುಚ್ಚದ ಗೋದಾಮನ್ನು ಇವತ್ತು ಕಾಶವ್ವನಿಗಾಗಿ ಮುಚ್ಚಿಸಿದ್ದಾಗಿ ಹೇಳಿದರು. ಆಮೇಲೆ ನಿಜಲಿಂಗಪ್ಪನ ಪಕ್ಕ ನೆಲಕ್ಕೇ ಕುಳಿತರು. ಒಳ್ಳೆಯ ಮನುಷ್ಯ.

"ನಿಂಗಪ್ಪಾ, ಮಣ್ಣು ಹಾಕಾಕ ನೀ ಬರಬೇಕಲ್ಲೋ. ಹಿಂಗಾದ್ರ ಹೆಂಗ? ತಗೋ, ಒಂದ ಎಳಿ. ಮೊದಲ ಎಷ್ಟು ಸೇದಿಲ್ಲ ನೀನು! ಒಂದರಾಗ ಏನೂ ಆಗೂದಿಲ್ಲ."

ಅವರ ಕೈಯಲ್ಲಿ ಬೀಡಿಯಿತ್ತು. ನಿಜಲಿಂಗಪ್ಪ ಅದನ್ನು ನೋಡಿದ. ಗೋಡೆಗೆ ಒರಗಿದ್ದ ಹೆಂಡತಿಯನ್ನು ನೋಡಿದ. "ಅಪ್ಪಾ, ಬ್ಯಾಡ," ಎಂದಳು ಗೌರಾಬಾಯಿ. ಆದರೆ ಅವಳ ಕೈಯಲ್ಲೂ ಕೊಡಲು ಬೇರೇನೂ ಇರಲಿಲ್ಲ. ಸಾವಕಾರರೇ ಕಡ್ಡಿ ಗೀರಿದರು.

ಮೊದಲ ದಮ್ಮಿಗೆ ಅವನ ಮುಖ ಸಡಿಲಾಯಿತು. ಹತ್ತು ವರ್ಷದ ಹಿಂದಿನ ಒಂದು ಸಂಜೆ ಅಲ್ಲಿ ಬಂದು ಕುಳಿತ ಹಾಗೆ ಕಂಡಿತು. ಎರಡನೆಯದಕ್ಕೆ ಕೆಮ್ಮು ಶುರುವಾಯಿತು. ಅದು ನಿಲ್ಲಲಿಲ್ಲ. ಬೆನ್ನು ಬಿಲ್ಲಾಯಿತು, ತುಟಿ ನೀಲಿಯಾಯಿತು. ಭಾಮಾ ಬೆನ್ನು ತಿಕ್ಕಿದಳು, ಗೌರಾಬಾಯಿ ಬೀಸಿದಳು, ಸಾವಕಾರರು "ನನಗೇನು ಗೊತ್ತಿತ್ತು, ನನಗೇನು ಗೊತ್ತಿತ್ತು" ಎನ್ನುತ್ತ ಎದ್ದು ನಿಂತರು. ಕೆಮ್ಮು ನಿಂತಾಗ ಅವನಿಗೆ ಕಾಲ ಮೇಲೆ ನಿಲ್ಲುವ ಶಕ್ತಿ ಇರಲಿಲ್ಲ.

"ಹೊತ್ತು ಮುಳುಗೂದರೊಳಗ ಆಗಬೇಕ್ರಿ," ಎಂದರು ಅಯ್ಯನವರು ಮೆಲ್ಲಗೆ.

"ನಾ ಬರತೀನಿ," ಎಂದ ನಿಜಲಿಂಗಪ್ಪ. ಕಂಡದ್ದು ತುಟಿಯ ಅಲುಗಾಟ ಮಾತ್ರ.

ಸಾವಕಾರರು ಗೋದಾಮಿಗೆ ಆಳು ಓಡಿಸಿ ಕೈಗಾಡಿ ತರಿಸಿದರು. ಮೂಟೆ ಸಾಗಿಸುವ ಗಾಡಿ; ಎಷ್ಟು ಜಾಡಿಸಿದರೂ ಹಲಗೆಯ ಸಂದಿನಲ್ಲಿ ತಂಬಾಕಿನ ಪುಡಿ. ಮೇಲೆ ಗೋಣಿತಟ್ಟು ಹಾಸಿ ಅವನನ್ನು ಎತ್ತಿ ಕೂಡಿಸಿದರು. ಅಯ್ಯನವರು ಅವನ ಹಣೆಗೂ ವಿಭೂತಿ ಹಚ್ಚಿದರು. ಅವನು ಕಾಲು ಮಡಚಿಕೊಂಡು, ಉಸಿರಿಗೆ ಅನುಕೂಲವಾಗಲೆಂದು ಬೆನ್ನು ನೆಟ್ಟಗೆ ಮಾಡಿ ಕುಳಿತ.

ಮುಂದೆ ನಾಲ್ವರ ಹೆಗಲ ಮೇಲೆ ವಿಮಾನದಲ್ಲಿ ಕುಳಿತ ಕಾಶವ್ವ. ಹಿಂದೆ ಇಬ್ಬರು ಹಮಾಲರು ತಳ್ಳುವ ಗಾಡಿಯಲ್ಲಿ ನಿಜಲಿಂಗಪ್ಪ. ಹೊತ್ತವರ ಹೆಜ್ಜೆಗೆ ಅವಳ ತಲೆ ಅಲುಗುತ್ತಿತ್ತು; ಹಾಸುಗಲ್ಲಿನ ಕುಲುಕಾಟಕ್ಕೆ ಇವನ ತಲೆ. ವಿಮಾನದಿಂದ ಉದುರಿದ ಹೂವು ಕೆಲವು ಇವನ ಮಡಿಲಿಗೆ ಬಿದ್ದವು. ತೆಗೆದು ಹಾಕಲು ಅವನು ಕೈ ಎತ್ತಲಿಲ್ಲ.

ಧಾನ್ಯದ ಪೇಟೆಯ ತಿರುವಿನಲ್ಲಿ ಎತ್ತಿನ ಬಂಡಿಗಳು ಅಡ್ಡ ಬಂದು ಮೆರವಣಿಗೆ ನಿಂತಿತು. ರಸ್ತೆಯ ಬದಿಗೆ ನಿಂಬೆಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು ಎದ್ದು ನಿಂತು, ತಲೆಯ ಮೇಲೆ ಸೆರಗೆಳೆದುಕೊಂಡು ವಿಮಾನಕ್ಕೆ ಕೈ ಮುಗಿದಳು. ಬಂಡಿಗಳು ಸರಿದವು. ವಿಮಾನ ಮುಂದೆ ಹೋಗಿ ಕೈಗಾಡಿ ಅವಳ ಎದುರಿಗೆ ಬಂತು. ಮುದುಕಿ ಗಾಡಿಯಲ್ಲಿ ನೆಟ್ಟಗೆ ಕುಳಿತವನನ್ನು, ಅವನ ಹಣೆಯ ವಿಭೂತಿಯನ್ನು, ಮಡಿಲ ಹೂವುಗಳನ್ನು ಕಂಡು ಲೊಚಗುಟ್ಟಿದಳು. "ದೋಘಂ ಏಕಾಚ ದಿವಶೀ," ಇಬ್ಬರೂ ಒಂದೇ ದಿನ, ಎಂದು ತನ್ನಷ್ಟಕ್ಕೇ ಅಂದುಕೊಂಡು ಅವನಿಗೂ ಕೈ ಮುಗಿದಳು.

ನಿಜಲಿಂಗಪ್ಪ ಬಾಯಿ ತೆರೆದ. ಉಸಿರು ಬರುವುದರೊಳಗೆ ಹಮಾಲರು ಗಾಡಿಯನ್ನು ಮುಂದೆ ತಳ್ಳಿದ್ದರು.