ನೂರಾ ಒಂದರಲ್ಲಿ ನಿಂತ ಅಂಕಿ

ನಾನು ಒಂದು ಎಣಿಕೆಯ ಯಂತ್ರ. ಹೆಸರು ದೊಡ್ಡದಾಯಿತು; ಗಾತ್ರದಲ್ಲಿ ನಾನು ನಿಂಬೆಹಣ್ಣಿನಷ್ಟು. ತಲೆಯ ಮೇಲೊಂದು ಗುಂಡಿ, ಎದೆಯಲ್ಲಿ ನಾಲ್ಕು ಅಂಕಿಗಳ ಕಿಟಕಿ, ಪಕ್ಕದಲ್ಲಿ ತಿರುಗಿಸಿದರೆ ಎಲ್ಲವೂ ಸೊನ್ನೆಯಾಗುವ ಒಂದು ಕಿವಿ. ಗುಂಡಿ ಒತ್ತಿದಾಗಲೆಲ್ಲ 'ಟಕ್' ಎಂದು ಒಂದು ಏರುತ್ತೇನೆ. ಒಂದೊಂದಾಗಿ ಇಳಿಯಲು ಬಾರದು. ದೂರದ ಊರಿನ ತಗಡಿನ ಶೆಡ್ಡಿನಲ್ಲಿ ನನ್ನ ಹೊಟ್ಟೆಗೆ ಸ್ಪ್ರಿಂಗ್ ಇಟ್ಟ ಹೆಂಗಸು ಮೂರು ಸಲ ಒತ್ತಿ, ತನ್ನ ಕಿವಿಗೆ ಹಿಡಿದು ಆಲಿಸಿ, ಮುಗುಳ್ನಕ್ಕಳು. ಆ ಮೂರು ಟಕ್ಕುಗಳೇ ನನ್ನ ಮೊದಲ ಮಾತು.

ಮೊದಲು ನನ್ನನ್ನು ಕೊಂಡವನು ಕುರಿ ವ್ಯಾಪಾರಿ. ಬಾಗಿಲಲ್ಲಿ ನಿಂತು ಒಳಗೆ ನುಗ್ಗುವ ಕುರಿಗಳನ್ನು ನನ್ನಿಂದ ಎಣಿಸುತ್ತಿದ್ದ. ಅವನಿಂದ ನಾನು ಮದುವೆ ಅಡುಗೆಯ ಭಟ್ಟರೊಬ್ಬರ ಕೈ ಸೇರಿ, ಪಂಕ್ತಿಯಲ್ಲಿ ಕೂತವರನ್ನು ಎಣಿಸಿದೆ. ಭಟ್ಟರಿಗೆ ಮರೆವು ಹೆಚ್ಚು. ಒಮ್ಮೆ ಗದಗಿನ ರೊಟ್ಟಿ ಕೇಂದ್ರಕ್ಕೆ ರೊಟ್ಟಿ ಒಯ್ಯಲು ಬಂದವರು ನನ್ನನ್ನು ಹಿಟ್ಟಿನ ಡಬ್ಬಿಯ ಮೇಲೆ ಬಿಟ್ಟು ಹೋದರು, ಮರಳಿ ಬರಲಿಲ್ಲ. ಅಲ್ಲಿಗೆ ನನ್ನ ನಿಜವಾದ ಬದುಕು ಶುರುವಾಯಿತು.

ಕೇಂದ್ರದಲ್ಲಿ ಹತ್ತು ಒಲೆ, ಹತ್ತು ಹೆಂಗಸರು. ಬೆಳಗಿನಿಂದ ಪಟಪಟ ಸದ್ದು. ಬೆಂದ ರೊಟ್ಟಿ ಎಣಿಸಿ ಕಟ್ಟುವವಳು ಫಕೀರವ್ವ. ಎಪ್ಪತ್ತು ದಾಟಿದ ಮುದುಕಿ. ಅಕ್ಷರ ಬಾರದು, ಅಂಕಿ ಬರುತ್ತದೆ. ಅವಳ ಹೆಬ್ಬೆರಳಿನ ಬಿಸಿ ನನಗೆ ಅಭ್ಯಾಸವಾಯಿತು. ಇಪ್ಪತ್ತು ಸಲ ನನ್ನನ್ನು ಒತ್ತಿ, ಇಪ್ಪತ್ತೊಂದನೆಯ ರೊಟ್ಟಿಯನ್ನು ಒತ್ತದೆಯೇ ಕಟ್ಟಿಗೆ ಸೇರಿಸುತ್ತಿದ್ದಳು. ಅದು ಕೊಸರು, ಗಿರಾಕಿಗೆ ಮೇಲಿಂದ ಕೊಡುವುದು. ಹೊಸಬಳೊಬ್ಬಳು "ಅದನ್ನ್ಯಾಕ ಎಣಸಂಗಿಲ್ಲ ಆಯಿ?" ಎಂದು ಕೇಳಿದ್ದಕ್ಕೆ ಫಕೀರವ್ವ ಗದರಿದಳು: "ಎಣಿಸಿದ್ರ ಅದು ಕೊಸರಲ್ಲ, ಯಾಪಾರ."

ಕಟ್ಟಿದ ರೊಟ್ಟಿಯನ್ನು ಹುಬ್ಬಳ್ಳಿ ಬಸ್ಸಿಗೆ ಮುಟ್ಟಿಸುವವಳು ಕಾಶವ್ವ. ಇಪ್ಪತ್ತಾರರ ಹುಡುಗಿ, ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಾಲ್ಕು ಜನರ ಎದುರು ಬಾಯಿ ತೆರೆಯಲು ನಾಚುವವಳು, ಆದರೆ ಓಡಲು ನಾಚಳು. ಬಸ್ಸು ನಿಲ್ದಾಣ ಬಿಟ್ಟಿದ್ದರೂ ತಲೆಯ ಮೇಲೆ ಗಂಟು ಹೊತ್ತು ಬೆನ್ನಟ್ಟಿ, ಮುಂದಿನ ಸರ್ಕಲ್ಲಿನಲ್ಲಿ ಡ್ರೈವರನ ಕೈಗಿಟ್ಟು ಬರುತ್ತಿದ್ದಳು. ಅದನ್ನು ಅವಳ ಹಳೆಯ ಪೀಟಿ ಮಾಸ್ತರರು ಕಂಡರು. ಮರುದಿನವೇ ಹುಬ್ಬಳ್ಳಿಯ ಮ್ಯಾರಥಾನಿನ ಅರ್ಜಿ ತಂದರು.

ಒಲೆಗಳ ನಡುವೆ ನಗೆಯ ಅಲೆ ಎದ್ದಿತು.

"ಓಡಿ ಮುಗಿಸಿದ್ರ ಏನ ಕೊಡ್ತಾರವ್ವ?"

"ಕೊಳ್ಳಾಗ ಹಾಕ್ಕೊಳ್ಳಾಕ ಒಂದು ಬಿಲ್ಲೆ," ಎಂದಳು ಕಾಶವ್ವ ಮೆಲ್ಲಗೆ.

"ಅಯ್ಯ, ಬಿಲ್ಲೆ ಅಂಗಡ್ಯಾಗ ಸಿಗತಾವಲ್ಲ!"

ಅವಳು ತಲೆ ತಗ್ಗಿಸಿದಳು. ಸಂಜೆ ಎಲ್ಲರೂ ಹೋದ ಮೇಲೆ ಫಕೀರವ್ವನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹೇಳಿದಳು: "ಹೈಸ್ಕೂಲ್ ಮೈದಾನದ ಒಂದು ಸುತ್ತು ನಾನೂರು ಮೀಟರಂತ. ನೂರಾ ಐದೂವರೆ ಸುತ್ತು ಓಡಿದ್ರ ಮ್ಯಾರಥಾನ್ ಆಗತೈತಂತ. ಎಣಸಾವ್ರು ಯಾರೂ ಇಲ್ಲ ಆಯಿ."

"ದಿನಾ ಸಾವಿರ ರೊಟ್ಟಿ ಎಣಸತೀನಿ. ನಿನ್ನೊಬ್ಬಾಕಿನ್ನ ಎಣಸಾಕ ಆಗಂಗಿಲ್ಲೇನ?"

ಹೀಗೆ ನಾನು ಒಲೆಯ ಬಿಸಿಯಿಂದ ಮೈದಾನದ ಗಾಳಿಗೆ ಬಂದೆ. ಎಂಥ ದಿನಗಳವು! ಪ್ರತಿ ರವಿವಾರ ನಸುಕಿಗೆ ಫಕೀರವ್ವ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಕೂರುವಳು. ಮುಷ್ಟಿಯೊಳಗಿನ ನನಗೆ ಏನೂ ಕಾಣದು. ಹೆಜ್ಜೆಯ ಸದ್ದು ದೂರವಾಗಿ, ಮತ್ತೆ ಹತ್ತಿರವಾಗುವುದು ಕೇಳುತ್ತದೆ. ಹತ್ತಿರ ಬಂದಾಗ ಟಕ್. ಮೊದಲ ವಾರ ಮೂವತ್ತು. ಆಮೇಲೆ ಐವತ್ತು. ಎಪ್ಪತ್ತು ಮುಟ್ಟಿದ ದಿನ ನನ್ನ ಸ್ಪ್ರಿಂಗು ಸಂತೋಷಕ್ಕೆ ನಡುಗಿತು. ಆಗಾಗ ಮಾತ್ರ ಒಂದು ಸುತ್ತು ತುಂಬ ಉದ್ದವೆನಿಸುತ್ತಿತ್ತು. ಹುಡುಗಿಯ ಕಾಲು ಸೋತಿರಬೇಕೆಂದು ಮರುಗುತ್ತಿದ್ದೆ.

ಓಟಕ್ಕೆ ಒಂದು ತಿಂಗಳಿರುವಾಗ ಕಾಶವ್ವ ಪಣ ತೊಟ್ಟಳು. "ಈ ರವಿವಾರ ಪೂರ್ತಿ ಓಡಿ ನೋಡತೀನಿ. ಆಗಲಿಲ್ಲ ಅಂದ್ರ ಹುಬ್ಬಳ್ಳಿಗೆ ಹೋಗಂಗಿಲ್ಲ. ಅಷ್ಟು ಮಂದಿ ಮುಂದ ನಡುದಾರ್ಯಾಗ ಬಿದ್ರ ಆ ನಾಚಿಕಿ ನನ್ನಿಂದ ತಡಕೊಳ್ಳಾಕ ಆಗಂಗಿಲ್ಲ."

ಆ ದಿನ ಚುಕ್ಕಿ ಆರುವ ಮೊದಲೇ ಹೊರಟಳು. ಇಪ್ಪತ್ತು, ನಲವತ್ತು. ಬಿಸಿಲು ಏರಿತು. ಫಕೀರವ್ವ ಮಜ್ಜಿಗೆ ಚೊಂಬು ಚಾಚುವಳು, ಅವಳು ಓಡುತ್ತಲೇ ಎರಡು ಗುಟುಕು ಕುಡಿಯುವಳು. ಅರವತ್ತು, ಎಂಬತ್ತು. ತೊಂಬತ್ತರ ಮೇಲೆ ಹೆಜ್ಜೆಯ ಲಯ ಮುರಿಯಿತು. "ಬಾ ನಮ್ಮವ್ವಾ, ಬಾ!" ಎಂದು ಮುದುಕಿ ಕೂಗಿದಾಗ ನಾನು ಅವಳ ಬೆವರಲ್ಲಿ ತೊಯ್ದಿದ್ದೆ. ನೂರು! ಆಮೇಲೆ ಬಹಳ ಹೊತ್ತು ಟಕ್ ಇಲ್ಲ. ಕೊನೆಗೂ ನೂರಾ ಒಂದು. ಅಷ್ಟರಲ್ಲಿ ಧೊಪ್ಪೆಂದು ಸದ್ದಾಯಿತು. ಕಾಶವ್ವ ಉದ್ದಜಿಗಿತದ ಮರಳಿನಲ್ಲಿ ಬಿದ್ದಿದ್ದಳು.

ಫಕೀರವ್ವ ಓಡಿ ಬಂದು ಮುಷ್ಟಿ ಬಿಚ್ಚಿದಳು. ಕಾಶವ್ವ ನನ್ನ ಕಿಟಕಿಯನ್ನು ನೋಡಿದಳು. 0101.

"ನಾಲ್ಕೂವರೆ ಸುತ್ತು ಉಳೀತು ಆಯಿ." ಅವಳ ಕಣ್ಣೀರು ನನ್ನ ಗಾಜಿನ ಮೇಲೆ ಬಿತ್ತು. "ನನ್ನಿಂದ ಆಗಂಗಿಲ್ಲ. ಮಾಸ್ತರಿಗೆ ಹೇಳಿಬಿಡತೀನಿ."

ಒಂದು ಅಂಕಿಯನ್ನಾದರೂ ನಾನಾಗಿಯೇ ಏರಿಸಲು ಬರುತ್ತಿದ್ದರೆ ಅಂದು ಏರಿಸುತ್ತಿದ್ದೆ.

"ಅಳೂದು ಯಾಕ? ಅದರಾಗ ಕೊಸರು ಹಿಡಿದಿಲ್ಲಲ್ಲ."

"ಯಾವ ಕೊಸರು?"

"ಇಪ್ಪತ್ತಕ್ಕೊಂದು ಕೊಸರು. ಅದನ್ನ ಒತ್ತತಾರೇನ?"

ಕಾಶವ್ವ ಎದ್ದು ಕೂತಳು. ಮುದುಕಿಯ ಮುಖ ನೋಡಿದಳು. ಅಲ್ಲಿ ತಮಾಷೆಯ ಸುಳಿವಿರಲಿಲ್ಲ. ಬೆರಳಿನಿಂದ ಮರಳಿನ ಮೇಲೆ ಬರೆದಳು. ಇಪ್ಪತ್ತರ ಮೇಲೊಂದು, ನಲವತ್ತರ ಮೇಲೊಂದು, ಅರವತ್ತು, ಎಂಬತ್ತು, ನೂರು. ಒಟ್ಟು ಐದು. ನೂರಾ ಒಂದಕ್ಕೆ ಐದು ಕೂಡಿಸಿದರೆ ನೂರಾ ಆರು.

"ಆಯಿ... ಮ್ಯಾರಥಾನ್ ಮುಗದೈತಿ! ಮ್ಯಾಲ ಅರ್ಧ ಸುತ್ತು ಜಾಸ್ತೀನ ಆಗೇತಿ!" ನಗುತ್ತ ಅತ್ತಳು, ಅಳುತ್ತ ನಕ್ಕಳು. "ಪ್ರತಿ ರವಿವಾರ ನನ್ನ ಕಾಲು ಯಾಕ ಇಷ್ಟು ಹರೀತಿದ್ವು ಅಂತ ಈಗ ತಿಳೀತು! ಮೊದಲ ಹೇಳಬಾರದೇನ?"

"ನೀ ಕೇಳಿದೇನು? ಎಣಸು ಅಂದಿ, ಎಣಿಸಿದೆ. ಕೊಸರು ನುಂಗಾಕ ನಾ ಏನ ಕಳ್ಳೇನು?"

ಉದ್ದವೆನಿಸಿದ ಆ ಸುತ್ತುಗಳ ಗುಟ್ಟು ನನಗೂ ಆಗಲೇ ತಿಳಿದದ್ದು. ಸೋತದ್ದು ಕಾಲಲ್ಲ, ಒತ್ತದೆ ಕೂತದ್ದು ಹೆಬ್ಬೆರಳು.

ತಿಂಗಳ ನಂತರ ಕಾಶವ್ವ ಹುಬ್ಬಳ್ಳಿಯಿಂದ ಕುಂಟುತ್ತ ಬಂದಳು, ಕೊರಳಲ್ಲಿ ಬಿಲ್ಲೆ. ಹತ್ತು ಒಲೆಗಳೂ ಅವಳ ಸುತ್ತ ನೆರೆದವು.

"ಓಟ ಮುಗಿಯೂ ಗೇಟ್ ದಾಟಿದ ಮ್ಯಾಲೂ ನಾ ನಿಲ್ಲಲಿಲ್ಲ. 'ಮುಗೀತ್ರಿ ಅಕ್ಕಾರ, ನಿಲ್ರಿ' ಅಂತ ಹಿಂದಿಂದ ಓಡಿ ಬಂದ್ರು."

"ಮತ್ತ ನೀ ಏನಂದಿ?"

"ಏನನ್ನಲಿ? ಕೊಸರು ಅಂದ್ರ ಅವರಿಗೇನ ತಿಳೀತೈತಿ?"

ಮರಳಿನಲ್ಲಿ ಬಿದ್ದ ಆ ರವಿವಾರದಿಂದಲೇ ನನ್ನನ್ನು ಒತ್ತಲು, ಕಿವಿ ತಿರುಗಿಸಿ ಸೊನ್ನೆ ಮಾಡಲು ಕಾಶವ್ವ ಯಾರಿಗೂ ಬಿಡಲಿಲ್ಲ. ಕೇಂದ್ರಕ್ಕೆ ಹೊಸ ಯಂತ್ರ ಬಂತು. ನಾನು ಹಿಟ್ಟಿನ ಡಬ್ಬಿಯ ಮೇಲಿನ ಮೊಳೆಗೆ, ಆ ಬಿಲ್ಲೆಯ ಪಕ್ಕದಲ್ಲಿ ತೂಗುತ್ತಿದ್ದೇನೆ. ಸ್ಪ್ರಿಂಗಿಗೆ ತುಕ್ಕು, ಹಲ್ಲುಗಳ ನಡುವೆ ಜೋಳದ ಹಿಟ್ಟು. ಕುರಿ, ಊಟದವರು, ರೊಟ್ಟಿ ಎಂದು ಲಕ್ಷಗಟ್ಟಲೆ ಎಣಿಸಿದೆ. ಈಗ ನೆನಪಿಗೆ ಬರುವುದು ನನ್ನನ್ನು ಒತ್ತದೆ ಬಿಟ್ಟ ಆ ಐದು ಮಾತ್ರ.

ಹೊಸಬರು ಬಂದಾಗ ನನ್ನ ಕಿಟಕಿಯನ್ನು ಇಣುಕಿ "ನೂರಾ ಒಂದು" ಎಂದು ಓದುತ್ತಾರೆ. ಒಲೆಗಳ ಮುಂದಿನ ಹೆಂಗಸರು ತಟ್ಟುವ ಕೈ ನಿಲ್ಲಿಸದೆ ಒಟ್ಟಿಗೆ ಕೂಗುತ್ತಾರೆ:

"ನೂರಾ ಆರು!"