ಒಂದು ಹನಿಯೂ ಇಲ್ಲದ ರಟ್ಟು

ಸುಂದರ ಶೆಟ್ಟರು ಜೀವಮಾನವಿಡೀ ಹೋಟೆಲು ನಡೆಸಿದವರು. ಜಿಪುಣತನ ಅವರ ಕೈಗೆ ಗೊತ್ತೇ ಇರಲಿಲ್ಲ. ದೋಸೆಗೆ ತುಪ್ಪ ಹಾಕಿದರೆ ಬಾಳೆಲೆಯ ಅಂಚಿನವರೆಗೆ ಹರಿಯಬೇಕು. ಹೋಟೆಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಮಣ್ಣಗುಡ್ಡದ ಮನೆಯಲ್ಲಿ ಕುಳಿತ ಮೇಲೆ ಆ ಧಾರಾಳವೆಲ್ಲ ಹಳೇ ಕಾರಿನ ಕಡೆಗೆ ತಿರುಗಿತು. ಒರೆಸಿದ್ದೇ ಒರೆಸಿದ್ದು, ಉಜ್ಜಿದ್ದೇ ಉಜ್ಜಿದ್ದು. ಕಾರು ಮಾತ್ರ ಎಣ್ಣೆ ಸೋರುತ್ತಲೇ ಇತ್ತು.

ಮಗಳು ತನುಶ್ರೀಯನ್ನು ಚೊಚ್ಚಲ ಹೆರಿಗೆಗೆಂದು ಕರೆತಂದು ಬಿಟ್ಟ ದಿನ ಅಳಿಯ ಸುಜಿತ್ ಅಂಗಳದ ಕಪ್ಪು ಕಲೆ ನೋಡಿ ನಕ್ಕ. "ಎಂತ ಮಾವ, ಮೊದಲು ಇದನ್ನೇ ಆಸ್ಪತ್ರೆಗೆ ಸೇರಿಸ್ಬೇಕಲ್ಲ. ನನ್ನ ಕಾರು ಇಲ್ಲೇ ಬಿಟ್ಟು ಹೋಗ್ತೇನೆ."

"ಬೇಡ. ಚೊಚ್ಚಲ ಹೆರಿಗೆ ನಮ್ಮ ಮನೆಯ ಕೆಲಸ. ನನ್ನ ಮಗಳನ್ನು ನನ್ನ ಕಾರಲ್ಲೇ ಕರ್ಕೊಂಡು ಹೋಗ್ತೇನೆ," ಎಂದರು ಶೆಟ್ಟರು. ತಮಾಷೆಯ ಮಾತು ಅವರಿಗೆ ಸರಿಯಾಗಿ ನಾಟಿತ್ತು.

ಮರುದಿನವೇ ಕಾರನ್ನು ಜಾಕಿನಿಂದ ಎತ್ತಿ, ಮರದ ದಿಮ್ಮಿ ಕೊಟ್ಟು, ಗೋಣಿ ಹಾಸಿಕೊಂಡು ಅದರ ಕೆಳಗೆ ಹೊಕ್ಕರು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಗೆ ಗ್ಯಾರೇಜಿನವರು ಚೇಂಬರು ಎನ್ನುತ್ತಾರೆ. ಅದರ ಅಂಚಿನಲ್ಲಿ ಎಣ್ಣೆ ಸೋರದಂತೆ ತಡೆಯುವ ಪ್ಯಾಕಿಂಗ್ ಸವೆದುಹೋಗಿತ್ತು. ಎಣ್ಣೆ ಬಕೆಟಿಗೆ ಇಳಿಸಿ, ಚೇಂಬರು ಬಿಚ್ಚಿ ತೊಳೆದರು. ಹೊಸ ಪ್ಯಾಕಿಂಗಿನ ಜೊತೆ ಅದನ್ನು ಅಂಟಿಸುವ ಕೆಂಪು ಪೇಸ್ಟಿನ ಟ್ಯೂಬು ಕೊಟ್ಟ ಅಂಗಡಿಯವನು, "ನೂಲಿನಷ್ಟು ಗೆರೆ ಎಳೆದ್ರೆ ಸಾಕು ಶೆಟ್ರೇ," ಎಂದಿದ್ದ. ನೂಲಿನಷ್ಟಂತೆ! ಬಡಿಸಿ ಬಡಿಸಿ ಅಭ್ಯಾಸವಾದ ಕೈ ಕೇಳಬೇಕಲ್ಲ? ಇಡೀ ಟ್ಯೂಬು ಹಿಂಡಿ, ಎಲೆಗೆ ಚಟ್ನಿ ಹಾಕಿದ ಹಾಗೆ ಹಾಕಿದರು. ಬೋಲ್ಟು ಬಿಗಿದಾಗ ಹೊರಗೆ ಉಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿ, ಹೊಸ ಎಣ್ಣೆ ತುಂಬಿದರು. ಪೇಸ್ಟು ಒಳಗೂ ಅಷ್ಟೇ ಉಕ್ಕಿದೆ ಎಂದು ಅವರಿಗೆ ಹೊಳೆಯಲಿಲ್ಲ.

ಕಾರಿನಡಿ ಒಂದು ರಟ್ಟು ಹಾಸಿಟ್ಟರು. ಬೆಳಿಗ್ಗೆ ನೋಡಿದರೆ ಒಂದು ಹನಿಯೂ ಇಲ್ಲ. ಅಂದಿನಿಂದ ಮನೆಗೆ ಬಂದವರಿಗೆಲ್ಲ ರಟ್ಟಿನ ದರ್ಶನ. "ಮೊಮ್ಮಗುವಿನ ಫೋಟೋ ತೋರಿಸಿದ ಹಾಗೆ ತೋರಿಸ್ತೀರಲ್ಲ ಮಾರಾಯ್ರೇ," ಎಂದು ಹೆಂಡತಿ ಆಶಾಲತಾ ನಗುತ್ತಿದ್ದರು.

ಹೆರಿಗೆಗೆ ಇನ್ನೂ ದಿನವಿತ್ತು. ಒಂದು ಮಧ್ಯಾಹ್ನ ಊಟ ಮಾಡಿ ಎದ್ದ ತನುಶ್ರೀ ಗೋಡೆ ಹಿಡಿದು ನಿಂತಳು. ನೈಟಿಯೆಲ್ಲ ರಕ್ತ.

"ಅಯ್ಯೋ ದೇವರೇ! ಆಟೋ ಕರೀರಿ!" ಎಂದು ಆಶಾಲತಾ ಕೂಗಿದರು.

"ಕಾರು ಉಂಟಲ್ಲ!" ಶೆಟ್ಟರು ಕೀಲಿಕೈ ಹಿಡಿದು ಓಡಿದರು.

ಅರ್ಧ ದಾರಿಯಲ್ಲಿ ಸ್ಟೇರಿಂಗಿನ ಮುಂದೆ ಎಣ್ಣೆಯ ಕೆಂಪು ದೀಪ ಹೊತ್ತಿಕೊಂಡಿತು. ಹಿಂದಿನ ಸೀಟಿನಲ್ಲಿ ಮಗಳ ತಲೆ ಮಡಿಲಲ್ಲಿಟ್ಟುಕೊಂಡಿದ್ದ ಆಶಾಲತಾ ಕೇಳಿದರು, "ಅದೆಂತ ಲೈಟು?"

"ವಯರಿಂಗ್ ಲೂಸ್ ಇರ್ಬೇಕು. ರಟ್ಟು ನೋಡ್ಲಿಲ್ವಾ ನೀನು? ಒಂದು ಹನಿಯೂ ಹೊರಗೆ ಬರ್ಲಿಲ್ಲ. ಎಣ್ಣೆ ಎಲ್ಲಿಗೆ ಹೋಗ್ತದೆ?"

ಎಲ್ಲಿಗೂ ಹೋಗಿರಲಿಲ್ಲ, ನಿಜ. ತಳದಲ್ಲೇ ಕೂತಿತ್ತು, ಮೇಲೆ ಏರುತ್ತಿರಲಿಲ್ಲ. ಬಲ್ಮಠದ ಏರಿನಲ್ಲಿ ಎಂಜಿನ್ನು ಕಟಕಟ ಬಡಿದು, ಒಮ್ಮೆ ಕುಲುಕಿ, ಹಿಡಿದುಕೊಂಡು ನಿಂತೇ ಬಿಟ್ಟಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಆಟೋಗಳು, ಹಾರ್ನೋ ಹಾರ್ನು. ಖಾಲಿ ಆಟೋ ಇತ್ತು, ಆದರೆ ಅದಕ್ಕೆ ದಾರಿ ಕಟ್ಟಿ ನಿಂತದ್ದು ಶೆಟ್ಟರ ಕಾರೇ. ಯಾರು ಯಾರೋ ಇಳಿದು ಬಂದು ಕಾರನ್ನು ಬದಿಗೆ ತಳ್ಳಿ, ತನುಶ್ರೀಯನ್ನು ಆಟೋಕ್ಕೆ ಹತ್ತಿಸುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು.

ಮಗು ಉಳಿಯಲಿಲ್ಲ. ಹೆಣ್ಣು ಮಗು. "ಸ್ವಲ್ಪ ಮೊದಲು ಬಂದಿದ್ರೆ..." ಎಂದು ಡಾಕ್ಟರಮ್ಮ ಮಾತು ನುಂಗಿಕೊಂಡರು. ಸುಜಿತ್ ಕಾರಿನ ಸುದ್ದಿಯನ್ನೇ ಎತ್ತಲಿಲ್ಲ. ಆ ಹುಡುಗ ಎರಡು ಬೈದಿದ್ದರೆ ಶೆಟ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಗಳು ಮನೆಗೆ ಬಂದ ಮೇಲೆ, ಎಳೆದು ತಂದು ನಿಲ್ಲಿಸಿದ್ದ ಕಾರಿನಡಿ ಶೆಟ್ಟರು ಮತ್ತೆ ಹೊಕ್ಕರು. ಚೇಂಬರು ಇಳಿಸಿದರೆ ಎಣ್ಣೆ ಹೀರುವ ಕೊಳವೆಯ ಜಾಲರಿ ಕಾಣಲೇ ಇಲ್ಲ; ಅದರ ತುಂಬ ಕೆಂಪು ಪೇಸ್ಟಿನ ಚೂರುಗಳು ಮೆತ್ತಿದ್ದವು. ಕಿತ್ತು ಅಂಗೈಯಲ್ಲಿ ಹಿಡಿದರು. ಗೋಣಿಯ ಮೇಲೆ ಬಿದ್ದಲ್ಲೇ ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತರು.

ಹೊರಗೆ ಬಂದಾಗ ತನುಶ್ರೀ ಜಗಲಿಯಲ್ಲಿ ನಿಂತಿದ್ದಳು. ಹೊಟ್ಟೆಗೆ ಬಾಣಂತಿಯ ಬಟ್ಟೆ ಬಿಗಿದಿದ್ದರು.

"ಕಾರಿಗೆ ಬೈಕೊಂಡು ಕೂರ್ಬೇಡಿ ಅಪ್ಪಾ. ತಪ್ಪು ನನ್ನದು. ಬೆಳಿಗ್ಗೆಯೇ ಹೊಟ್ಟೆ ಹಿಂಡ್ತಾ ಇತ್ತು. ಗ್ಯಾಸ್ ಅಂತ ಸುಮ್ಮನಿದ್ದೆ. ಆಗ್ಲೇ ಹೇಳಿದ್ರೆ ಮಗು ಇರ್ತಿತ್ತು. ನಾನೇ ಕೊಂದದ್ದು."

ಚೂರುಗಳಿದ್ದ ಮುಷ್ಟಿಯನ್ನು ಶೆಟ್ಟರು ಬಿಗಿ ಹಿಡಿದಿದ್ದರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹಳೇ ಗಾಡಿ, ಹಣೆಬರಹ ಎಂದು ನೆಂಟರೆಲ್ಲ ಆಗಲೇ ಒಪ್ಪಿಕೊಂಡಾಗಿತ್ತು. ಆದರೆ ಈ ಹುಡುಗಿ ಸಾಯುವ ತನಕ ಇದನ್ನು ಹೊತ್ತುಕೊಂಡು ತಿರುಗುತ್ತಾಳಲ್ಲ. ಶೆಟ್ಟರು ಕೈ ಬಿಚ್ಚಿದರು.

"ನೀನಲ್ಲ ತನು. ಇದು. ನಾನು ಹಾಕಿದ ಪೇಸ್ಟು. ಅಂಗಡಿಯವ ಸ್ವಲ್ಪ ಸಾಕು ಅಂದಿದ್ದ, ನಾನು ಇಡೀ ಟ್ಯೂಬು ಸಮಾ ಹಾಕಿದೆ. ಒಳಗೆ ಬಿದ್ದು ಎಣ್ಣೆಗೆ ಅಡ್ಡ ಕೂತದ್ದು. ಲೈಟು ಹೊತ್ತಿದಾಗ ನಿಲ್ಲಿಸಿ ಆಟೋ ಹಿಡೀಬಹುದಿತ್ತು. ನಾನು ನಿಲ್ಲಿಸ್ಲಿಲ್ಲ."

ಅವಳು ಚೂರುಗಳನ್ನು ನೋಡಿದಳು. ಅಪ್ಪನ ಮುಖ ನೋಡಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅವಳು ಫೋನಿನಲ್ಲಿ ಮಾತಾಡುವುದು ಅಂಗಳಕ್ಕೆ ಕೇಳಿಸಿತು.

"ಸುಜಿತ್, ನಿಮ್ಮ ಕಾರು ತನ್ನಿ. ನನ್ನನ್ನು ಈಗ್ಲೇ ಇಲ್ಲಿಂದ ಕರ್ಕೊಂಡು ಹೋಗಿ."