ಎರೆದು ಕಳಿಸಿದ ಬಳ್ಳಿ

ಊರುಗಳೆಲ್ಲ ಹುಟ್ಟುವ ಮೊದಲು, ಬರೀ ಬೇಲಿ ಮತ್ತು ಬಳ್ಳಿ ಇದ್ದ ಕಾಲದಲ್ಲಿ, ಒಂದು ಅಮೃತಬಳ್ಳಿಯ ಹೊಟ್ಟೆಯೊಳಗೆ ಒಬ್ಬ ಕಾವಲುಗಾರನಿದ್ದ. ಬಿಸಿಲು ಕಂಡವನಲ್ಲ. ಬಳ್ಳಿ ಅವನಿಗೆ ಉಣ್ಣಲು ಕೊಡುತ್ತಿತ್ತು. ಅವನು ಬಳ್ಳಿಗೆ ರೋಗ ಬಾರದಂತೆ ಕಾಯುತ್ತಿದ್ದ.

ಈ ಕತೆ ಕಟ್ಟಿದವಳು ನಾನು, ವಿದ್ಯಾ. ನನ್ನಜ್ಜಿ ಗೌರಕ್ಕನ ಕತೆ ಕೇಳುತ್ತಲೇ ಬೆಳೆದ ನಾನು, ಧಾರವಾಡದಲ್ಲಿ ಸಂಶೋಧನೆಗೆ ಸೇರಿದ ಮೇಲೆ ಅವಳಿಗೆ ತಿರುಗಿ ಹೇಳಿದ ಮೊದಲ ಕತೆ ಇದು. ಔಷಧಿ ಗಿಡದೊಳಗೆ ಬದುಕುವ ಶಿಲೀಂಧ್ರವನ್ನು, ಅಂದರೆ ಕತೆಯ ಆ ಕಾವಲುಗಾರನನ್ನು, ಹೊರತೆಗೆದು, ಅದರ ರಸ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂದು ನೋಡುವುದು ನನ್ನ ಕೆಲಸ.

“ಅಂವನ್ನ ನನಗ ತೋರಸ್ತಿ?” ಎಂದಳು ಅಜ್ಜಿ. “ಲಗೂ ತೋರಸವಾ. ನನ್ನ ಕಣ್ಣಿನ ಬೆಳಕು ಇನ್ನ ಭಾಳ ದಿನಾ ಇಲ್ಲಂದಾರ ಡಾಕ್ಟರು.”

ಮಾತು ಕೊಟ್ಟೆ.

ಸುಳ್ಳ ಎಂಬ ನಮ್ಮೂರಿನ ಮನೆಯ ಹಿತ್ತಲಿನ ಅಮೃತಬಳ್ಳಿಯನ್ನು ಅಜ್ಜಿಯೇ ಕತ್ತರಿಸಿ, ಧಾರವಾಡಕ್ಕೆ ಹಾಲು ತರುವ ಕಾಸಿಮಸಾಬರ ಕೈಯಲ್ಲಿ ಕಳಿಸುತ್ತಿದ್ದಳು. ಹೊರಗಿನ ಸೂಕ್ಷ್ಮಜೀವಿಗಳು ಸಾಯಲೆಂದು ನಾನು ತುಂಡುಗಳ ಹೊರಮೈಯನ್ನು ಸ್ಪಿರಿಟ್‌ನಿಂದ ತೊಳೆದು, ಗಾಜಿನ ತಟ್ಟೆಯಲ್ಲಿಟ್ಟು, ಒಳಗಿನ ಶಿಲೀಂಧ್ರ ಹೊರಬರಲೆಂದು ಕಾಯುತ್ತಿದ್ದೆ. ಏನೂ ಬೆಳೆಯಲಿಲ್ಲ.

“ಭಾಳ ಹೊತ್ತ ತೊಳ್ಯಾಕತ್ತೀಯೇನ? ಒಳಗಿಂದೂ ಸತ್ತಿರಬೇಕು,” ಎಂದರು ನನ್ನ ಗೈಡ್ ರಾಜೇಶ್ವರಿ ಮೇಡಂ. ತೊಳೆಯುವುದನ್ನು ಕಡಿಮೆ ಮಾಡಿದೆ. ಮತ್ತೂ ಖಾಲಿ. ಅತ್ತ ಅಜ್ಜಿ ಫೋನಿನಲ್ಲಿ, ಒಲೆಯ ಉರಿಯೂ ಮಬ್ಬಾಗಿ ಕಾಣುತ್ತಿದೆ ಎಂದಳು. ಇನ್ನು ನಾನೇ ಹೋಗಿ ತರುವುದೆಂದು ಸುಳ್ಳದ ಬಸ್ಸು ಹತ್ತಿದೆ.

ಹೋದಾಗ ಅಜ್ಜಿ ಬಚ್ಚಲ ಕಲ್ಲಿನ ಮೇಲೆ ಬಳ್ಳಿಯ ತುಂಡುಗಳನ್ನು ಮಲಗಿಸಿ, ಹಂಡೆಯ ಕುದಿಯುವ ನೀರು ಸುರಿಯುತ್ತಿದ್ದಳು.

“ಅಜ್ಜೀ, ಏನ ಮಾಡಾಕತ್ತಿ?”

“ಎರ್ಯಾಕತ್ತೇನಿ. ನಿಮ್ಮ ದೊಡ್ಡ ಸಾಲಿಗಿ ಹೊಂಟೈತಿ, ಮಣ್ಣಮೈಲೆ ಕಳಸಲೇನ? ನಿನ್ನೂ ಸಾಲಿಗಿ ಹಿಂಗ ಮೈ ಎರದ ಕಳಸತಿದ್ದಿಲ್ಲ?”

“ಪ್ರತೀ ಸಲಾನೂ ಕುದಿಯೂ ನೀರು?”

“ಮತ್ತ? ತಣ್ಣೀರಿಲೆ ಎರೀತಾರೇನ ಯಾರರೆ?”

ನಗು ತಡೆಯಲಾಗದೆ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆಮೇಲೆ, ಒಳಗಿರುವವನು ಆ ಬಿಸಿ ತಾಳಲಾರನೆಂದು ಮೆಲ್ಲಗೆ ಹೇಳಿದೆ. ಅಜ್ಜಿಯ ಕೈಯ ತಂಬಿಗೆ ಜಾರಿತು.

“ಅಯ್ಯ ಶಿವನ! ನಾನ ಕೊಂದ್ನೇನ ಅವನ್ನ?”

“ಇಲ್ಲಬೇ ಅಜ್ಜಿ. ಬಳ್ಳ್ಯಾಗ ಇನ್ನೂ ಭಾಳ ಮಂದಿ ಅದಾರ.”

“ಇಷ್ಟ ಕಲತೀದಿ, ಬಾಯಿಬಿಟ್ಟ ಒಂದ ಮಾತ ಹೇಳಾಕ ಏನಾಗಿತ್ತ ನಿನಗ?” ಎಂದು ಬೈದು, ಕಣ್ಣೊರೆಸಿಕೊಂಡು, ಹೊಸ ತುಂಡುಗಳನ್ನು ಕತ್ತರಿಸಿ ಮಣ್ಣುಮೈಯಲ್ಲೇ ನನ್ನ ಚೀಲಕ್ಕೆ ಹಾಕಿದಳು.

ಈ ಸಲ ತುಂಡಿನ ಅಂಚಿನಿಂದ ಅರಳೆಯಂಥ ಬಿಳಿ ಎಳೆಗಳು ಹೊರಬಂದವು. ಅದರ ಚೂರೊಂದನ್ನು ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ನಡುವೆ ಇಟ್ಟೆ. ಅದು ಬೆಳೆದ ಮೇಲೆ ಅಜ್ಜಿಯನ್ನು ಕರೆಸಿದೆ. ಕಾಸಿಮಸಾಬರು ಹಾಲಿನ ಗಾಡಿಯಲ್ಲೇ ಕರೆತಂದರು. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು ಒಳಬಂದಳು.

ಮುಚ್ಚಿದ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತಟ್ಟೆಯ ತುಂಬ ಬ್ಯಾಕ್ಟೀರಿಯಾದ ಮಬ್ಬು ಪದರ. ನಡುವೆ ಬಿಳಿ ಚುಕ್ಕೆ. ಅದರ ಸುತ್ತ ಮಾತ್ರ ಬ್ಯಾಕ್ಟೀರಿಯಾ ಸತ್ತು ತಿಳಿಯಾದ ಬಳೆಯಂಥ ಜಾಗ. ಅಜ್ಜಿ ಮೂಗು ತಾಗುವಷ್ಟು ಬಾಗಿದಳು. ಕಾಣಲಿಲ್ಲವೇನೋ ಎಂದು ತಟ್ಟೆಯನ್ನು ಅತ್ತಿತ್ತ ವಾಲಿಸಿದೆ.

“ಅಲಗಸಬ್ಯಾಡ,” ಎಂದಳು. “ಕಂಡ. ಸುತ್ತೂ ಅಂಗಳಾ ಎಷ್ಟ ಹಸನ ಮಾಡಿ ಕುಂತಾನ ನೋಡ!”